ಸುಮ್ನೆ ಊರು ನೋಡೋಕೆ

ಹಳ್ಳಿಯಿಂದ ಪೇಟೆಗೆ ಬಂದವನನ್ನು ಪೇಟೆ ಕೇಳುವ ಮೊದಲನೇ ಪ್ರಶ್ನೆ: 'ಏನ್ ಕೆಲ್ಸ?' ಆಸ್ಪತ್ರೆಗೆ ಬಂದೆ ಅಂದರೆ ಸರಿ. ಕೋರ್ಟಿಗೆ ಬಂದೆ, ಗಾರೆ ಕೆಲಸಕ್ಕೆ ಬಂದೆ, ಮಗಳ ಬಾಣಂತನಕ್ಕೆ ಬಂದೆ ಅಂದರೂ ಸರಿ. 'ಸುಮ್ನೆ, ಊರು ನೋಡೋಕೆ ಬಂದೆ' ಅಂದರೆ ಮಾತ್ರ ಕೇಳಿದವನ ಮುಖ ಬದಲಾಗುತ್ತದೆ. ಊರು ನೋಡುವಂಥ ದೊಡ್ಡಸ್ತಿಕೆ ನಿನಗೇನು ಬಂತು ಎಂಬ ಮಾತು ಅವನ ನಾಲಗೆಯ ತುದಿಯಲ್ಲೇ ಇರುತ್ತದೆ.

ಕ್ಯಾಮೆರಾ ನೇತುಹಾಕಿಕೊಂಡು ವಿಧಾನಸೌಧದ ಮುಂದೆ ನಿಂತ ಪರದೇಶದವನಿಗೆ ಈ ಪ್ರಶ್ನೆ ಇಲ್ಲ. ಕಾರಿನಲ್ಲಿ ಬಂದಿಳಿದು ಹೆಂಡತಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಯುವ ಸಾಹೇಬನಿಗೂ ಇಲ್ಲ. ಅವರಿಗೆ 'ಪ್ರವಾಸಿ' ಎಂಬ ಗೌರವದ ಹೆಸರುಂಟು. ನಮ್ಮವನು ಅದೇ ಜಾಗದಲ್ಲಿ ಅರ್ಧ ಗಂಟೆ ನಿಂತರೆ ಅವನು ಕೆಲ್ಸ ಇಲ್ದೋನು, ಪೋಲಿ, ಸಂಶಯದ ಮನುಷ್ಯ. ನೋಡುವ ಕಟ್ಟಡ ಒಂದೇ, ನೋಡುವ ಕಣ್ಣಿಗೆ ಮಾತ್ರ ಎರಡು ಹೆಸರು. ಹಾಗಾದರೆ ಗೆಳೆಯರೇ, ಕೆಲಸವಿಲ್ಲದೆ, ಯಾರಿಗೂ ಕಾರಣ ಹೇಳದೆ ಒಂದು ದೊಡ್ಡ ಊರನ್ನು ಸುತ್ತಿ ನೋಡುವುದು ಮನುಷ್ಯನ ಹಕ್ಕೋ, ದುಡ್ಡಿದ್ದವನ ಶೋಕಿಯೋ? ಹಕ್ಕು ಅನ್ನುವುದಾದರೆ ಆ ಹಕ್ಕನ್ನು ಹೊತ್ತು ತಿರುಗಬೇಕಾದ ಬಸ್ಸು ರೈಲುಗಳು ಯಾರ ಪರವಾಗಿ ಓಡುತ್ತಿವೆ? ಇದನ್ನು ನಾವು ಕುಳಿತು ವಿಚಾರ ಮಾಡಬೇಕಾಗಿದೆ. ಸಣ್ಣ ಪ್ರಶ್ನೆ ಅಂತ ಪಕ್ಕಕ್ಕಿಡುವ ಹಾಗಿಲ್ಲ.

ನಮ್ಮ ಹಳ್ಳಿಗಳಲ್ಲಿ ಜಾತಿ ಹೇಗೆ ಕೆಲಸ ಮಾಡುತ್ತದೆ? ನಡೆದಾಡುವವನಿಂದ ಕಾರಣ ಕೇಳಿ ಕೇಳಿಯೇ ಅದು ಬದುಕಿಕೊಂಡು ಬಂದಿದೆ. ಮೇಲುಜಾತಿಯವನು ತನ್ನ ಬೀದಿಯಲ್ಲಿ ದಿನಕ್ಕೆ ಹತ್ತು ಸಲ ಓಡಾಡಿದರೂ ಕಾರಣ ಬೇಕಿಲ್ಲ. ಕೇರಿಯ ಮನುಷ್ಯ ಅಲ್ಲಿಗೆ ಕಾಲಿಟ್ಟರೆ 'ಯಾಕ್ಲಾ ಬಂದೆ?' ಎಂಬ ಮಾತು ಜಗಲಿಯಿಂದ ಹಾರಿ ಬರುತ್ತದೆ. ಸತ್ತ ದನ ಸಾಗಿಸೋಕೆ, ತಮಟೆ ಬಡಿಯೋಕೆ, ಸೌದೆ ಒಡೆಯೋಕೆ, ಸಾವಿನ ಸುದ್ದಿ ಮುಟ್ಟಿಸೋಕೆ ಅಂದರೆ ಬರಬಹುದು. ಕೆಲಸ ಮುಗಿದ ಗಳಿಗೆಯಿಂದ ಅವನಲ್ಲಿ ನಿಲ್ಲುವುದೇ ತಪ್ಪು. ಅಸ್ಪೃಶ್ಯತೆಯನ್ನು ನಾವು ಮುಟ್ಟುವ, ಮುಟ್ಟದಿರುವ ವಿಷಯ ಅಂತ ಮಾತ್ರ ತಿಳಿದಿದ್ದೇವೆ. ಯಾರು ಸುಮ್ಮನೆ ನಿಲ್ಲಬಹುದು, ಯಾರು ನಿಲ್ಲಬಾರದು ಎಂಬ ವಿಷಯವೂ ಅದೇ. ನಮ್ಮ ಜನರ ದುಡಿಮೆಗೆ ಊರಿನಲ್ಲಿ ಯಾವಾಗಲೂ ಜಾಗ ಇತ್ತು. ಅವರ ಬಿಡುವಿಗೆ ಎಲ್ಲೂ ಜಾಗ ಇರಲಿಲ್ಲ.

ಬರೀ ರಸ್ತೆಯಲ್ಲಿ ನಡೆಯೋದಕ್ಕಾಗಿ ಈ ದೇಶದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ತಿರುವಾಂಕೂರಿನ ವೈಕಂನಲ್ಲಿ 1924ರ ಮಾರ್ಚಿನಲ್ಲಿ ಶುರುವಾದ ಹೋರಾಟ 1925ರ ನವೆಂಬರಿನವರೆಗೆ ನಡೆಯಿತು. ಆ ಜನ ಕೇಳಿದ್ದು ದೇವಸ್ಥಾನದ ಒಳಗಲ್ಲ, ದೇವಸ್ಥಾನದ ಸುತ್ತಲಿನ ರಸ್ತೆ. ಇಷ್ಟಾದರೂ ಕೊನೆಗೆ ಬಿಟ್ಟುಕೊಟ್ಟದ್ದು ಮೂರು ಕಡೆಯ ರಸ್ತೆ ಮಾತ್ರ. ಅದಕ್ಕೂ ಮುಂಚೆ, 1893ರಲ್ಲಿ, ಅದೇ ಸೀಮೆಯಲ್ಲಿ ಅಯ್ಯನ್‌ಕಾಳಿ ಒಂದು ಎತ್ತಿನ ಬಂಡಿ ಕೊಂಡು, ತಲೆಗೆ ರುಮಾಲು ಸುತ್ತಿ, ಕೀಳುಜಾತಿಯವರು ಹೋಗಬಾರದ ದಾರಿಯಲ್ಲಿ ಹೊಡೆದುಕೊಂಡು ಹೋದರು. ಯಾವ ಮಾಲು ಸಾಗಿಸಬೇಕಾಗಿತ್ತು ಆ ಬಂಡಿಯಲ್ಲಿ? ಯಾವುದೂ ಇಲ್ಲ. ಬಂಡಿಯಲ್ಲಿ ಕೂತು ಹೋಗುವುದೇ ಆವತ್ತಿನ ಕೆಲಸವಾಗಿತ್ತು. ಅಮೆರಿಕದ ಮಾಂಟ್‌ಗೊಮೆರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೆಣ್ಣುಮಗಳು ಬಸ್ಸಿನ ಸೀಟು ಬಿಟ್ಟು ಏಳದೆ ಕೂತಾಗ ಅಲ್ಲಿನ ಕರಿಯ ಜನ 381 ದಿನ ಬಸ್ಸು ಹತ್ತದೆ ನಡೆದರು. ಸೀಟು ಅಂದರೆ ಬರೀ ಹಲಗೆ ಅಲ್ಲ ಅನ್ನುವುದು ತುಳಿಸಿಕೊಂಡ ಜನಕ್ಕೆ ಎಲ್ಲ ಕಾಲದಲ್ಲೂ ಗೊತ್ತಿತ್ತು.

ಬಾಬಾಸಾಹೇಬ್ ಅಂಬೇಡ್ಕರರು 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ತಮ್ಮ ಪ್ರಯಾಣಗಳ ಕತೆ ಹೇಳಿದ್ದಾರೆ. ಹುಡುಕಿ ಓದಬೇಕಾದ ಬರಹ. 1901ರಲ್ಲಿ, ಇನ್ನೂ ಸಣ್ಣ ಹುಡುಗನಾಗಿದ್ದಾಗ, ಅವರು ಅಣ್ಣ ಮತ್ತು ಅಕ್ಕನ ಮಗನ ಜೊತೆ ಸಾತಾರಾದಿಂದ ಅಪ್ಪನಿದ್ದ ಊರಿಗೆ ಹೊರಡುತ್ತಾರೆ. ಬೇಸಿಗೆ ರಜಾ. ಹೊಸ ಅಂಗಿ, ಹೊಸ ಟೋಪಿ, ಹೊಸ ಜೋಡು. ಅಲ್ಲಿವರೆಗೆ ಕಂಡೇ ಇರದ ರೈಲು. ಆ ಮಕ್ಕಳ ಸಂಭ್ರಮ ಕೇಳಬೇಕೆ! ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಅವರ ಬಟ್ಟೆಬರೆ ನೋಡಿ ಸ್ಟೇಷನ್ ಮಾಸ್ತರು ಬ್ರಾಹ್ಮಣರ ಮಕ್ಕಳು ಅಂದುಕೊಂಡು ವಿಚಾರಿಸಿದ. ಮಹಾರರು ಎಂಬ ಉತ್ತರ ಬಂದ ಕೂಡಲೇ ಅವನ ಮುಖ ಕೆಟ್ಟಿತು. ಹೊರಗಿದ್ದ ಯಾವ ಗಾಡಿಯವನೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡರಷ್ಟು ಬಾಡಿಗೆಗೆ, ಅದೂ ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿನ ಮೇಲೆ.

ಇಲ್ಲಿ ಒಂದು ಮಾತು ಗಮನಿಸಿ. ರೈಲು ಆ ಮಕ್ಕಳನ್ನು ಟಿಕೆಟ್ ಕೇಳಿತು. ಟಿಕೆಟ್ ಇತ್ತು, ಹತ್ತಿದರು. ಎತ್ತಿನ ಗಾಡಿ ಜಾತಿ ಕೇಳಿತು. ಸಾರ್ವಜನಿಕ ವಾಹನಕ್ಕೂ ಮನೆಗಾಡಿಗೂ ಇರುವ ವ್ಯತ್ಯಾಸ ವೇಗದ್ದಲ್ಲ, ಈ ಪ್ರಶ್ನೆಯದು. ರೈಲು ತಂದವನು ಬ್ರಿಟಿಷ ತನ್ನ ವ್ಯಾಪಾರಕ್ಕೇ ತಂದ, ನಮ್ಮ ಉದ್ಧಾರಕ್ಕಲ್ಲ. ಆದರೆ ಮೂರನೇ ದರ್ಜೆಯ ಆ ಹಲಗೆಯ ಮೇಲೆ ಮುಟ್ಟಬಾರದವರು ಒಬ್ಬರಿಗೊಬ್ಬರು ತೊಡೆ ತಾಗಿಸಿ ಕೂರಬೇಕಾಯಿತು. ಮೈಲಿಗೆಯಾಯಿತೆಂದು ಇಳಿದು ನಡೆದು ಹೋಗುವಷ್ಟು ಧರ್ಮಶ್ರದ್ಧೆ ಬಹಳ ಜನಕ್ಕೆ ಇರಲಿಲ್ಲ.

ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ನೇರವಾಗಿ ತಾಗುವಂಥದ್ದು. 1934ರಲ್ಲಿ ಬಾಬಾಸಾಹೇಬರು ಮತ್ತು ಅವರ ಸಂಗಾತಿಗಳು, ಸುಮಾರು ಮೂವತ್ತು ಜನ, ಬಸ್ಸು ಕಾರು ಬಾಡಿಗೆ ಹಿಡಿದು ಎಲ್ಲೋರದ ಗುಹೆಗಳನ್ನು, ದೌಲತಾಬಾದಿನ ಕೋಟೆಯನ್ನು ನೋಡಲು ಹೊರಟರು. ಸಭೆಗಲ್ಲ, ಭಾಷಣಕ್ಕಲ್ಲ, ಊರು ನೋಡೋಕೆ! ಅಸ್ಪೃಶ್ಯ ಪ್ರವಾಸಿಗೆ ಹಾದಿಯಲ್ಲಿ ಬರುವ ತೊಂದರೆ ಗೊತ್ತಿದ್ದರಿಂದ ಕಾರ್ಯಕ್ರಮವನ್ನು ಬೇಕೆಂದೇ ಯಾರಿಗೂ ತಿಳಿಸಿರಲಿಲ್ಲ. ಹಾದಿಯ ಧೂಳು ಮೈತುಂಬ ಅಂಟಿತ್ತು. ಕೋಟೆ ಬಾಗಿಲ ಹತ್ತಿರದ ಕೊಳದಲ್ಲಿ ಮುಖ ತೊಳೆದುಕೊಂಡರು. ಹಿಂದೆಯೇ ಒಬ್ಬ ಮುಸಲ್ಮಾನ ಮುದುಕ ಅಸ್ಪೃಶ್ಯರು ಕೊಳ ಕೆಡಿಸಿದರೆಂದು ಕೂಗಾಡುತ್ತಾ ಬಂದ. ಜನ ಸೇರಿತು, ಬೈಗುಳ ಶುರುವಾಯಿತು. ಹಿಂದೂವಿಗೆ ಅಸ್ಪೃಶ್ಯನಾದವನು ಈ ನೆಲದಲ್ಲಿ ಬೇರೆಯವರಿಗೂ ಅಸ್ಪೃಶ್ಯನೇ ಎಂಬುದು ಅವರು ಅಲ್ಲಿ ಕಂಡ ಸತ್ಯ. ಕಡೆಗೆ ಕೋಟೆಯೊಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಆಯುಧ ಹಿಡಿದ ಸಿಪಾಯಿಯೊಬ್ಬನನ್ನು ಜೊತೆಗೆ ಕಳಿಸಿದರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಮನುಷ್ಯ ತನ್ನ ದೇಶದ ಕೋಟೆ ನೋಡಬೇಕಾದರೆ ಬೆನ್ನ ಹಿಂದೆ ಬಂದೂಕು! ಪ್ರೇಕ್ಷಣೀಯ ಸ್ಥಳ ಎಂಬ ಮಾತು ಯಾರ ಪ್ರೇಕ್ಷಣೆಗೆ ಹುಟ್ಟಿದ್ದು ಅಂತ ಕೇಳಿದರೆ ಈ ಪ್ರಸಂಗವೇ ಉತ್ತರ ಹೇಳುತ್ತದೆ.

ಈಗ ಬೆಂಗಳೂರಿಗೆ ಬರೋಣ. ಇಂದು ಈ ಊರಿನಲ್ಲಿ ಬಡವನೊಬ್ಬ ಊರು ನೋಡಬೇಕಾದರೆ ಅವನ ಕೈಗೆ ಸಿಗುವ ಸಾಧನ ಎರಡು, ಸಿಟಿ ಬಸ್ಸು ಮತ್ತು ಮೆಟ್ರೋ.

ಸಿಟಿ ಬಸ್ಸು ಹಳೇ ಗೆಳೆಯ. 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾಗಿ, 1956ರಲ್ಲಿ ಸರ್ಕಾರದ ಕೈಗೆ ಬಂದು ಬಿ.ಟಿ.ಎಸ್. ಆಯಿತು. 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. 'ಬಿಟ್ರೆ ತಿರ್ಗ ಸಿಗೋಲ್ಲ' ಅಂತ ಬಿ.ಟಿ.ಎಸ್.ಗೆ ಜನ ಕಟ್ಟಿದ ಹೆಸರು ಬಸ್ಸಿನ ಬೋರ್ಡು ಬದಲಾದ ಮೇಲೂ ಬಾಯಲ್ಲಿ ಉಳಿದಿದೆ. ಬೈದುಕೊಂಡೇ ಹತ್ತುತ್ತಾರೆ, ಬೈದುಕೊಂಡೇ ಇಳಿಯುತ್ತಾರೆ. ಆದರೂ ಆ ಬಸ್ಸಿನೊಳಗೆ ನಡೆಯುವುದನ್ನು ಒಂದು ಸಲ ಬಿಡಿಸಿ ನೋಡಿ. ಕಂಡಕ್ಟರು ಬಂದು ಕೇಳುವುದು ಒಂದೇ ಮಾತು: 'ಎಲ್ಲಿಗೆ?' ನೀನು ಯಾರು ಅಂತ ಕೇಳುವುದಿಲ್ಲ. ಯಾಕೆ ಹೋಗ್ತಿದೀಯ ಅಂತಲೂ ಕೇಳುವುದಿಲ್ಲ. ಎಲ್ಲಿಗೆ ಅಂತ ಹೇಳಿದರೆ ಟಿಕೆಟ್ ಹರಿದುಕೊಟ್ಟು, ಚಿಲ್ಲರೆ ಇಲ್ಲದಿದ್ದರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿ ಮುಂದೆ ಹೋಗುತ್ತಾನೆ. ಸಾವಿರಾರು ವರ್ಷ 'ಯಾರು? ಯಾಕೆ?' ಎಂಬ ಎರಡು ಪ್ರಶ್ನೆಗಳ ಕೆಳಗೆ ಬಗ್ಗಿ ನಡೆದ ಜನಕ್ಕೆ ಈ 'ಎಲ್ಲಿಗೆ?' ಸಾಮಾನ್ಯ ಪ್ರಶ್ನೆ ಅಲ್ಲ. ಅದು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಹೋಗಬಲ್ಲವನು ಅಂತ ಒಪ್ಪಿಕೊಂಡು ಕೇಳುವ ಪ್ರಶ್ನೆ.

ಇದನ್ನು ದೊಡ್ಡದು ಮಾಡಿ ಕುಣಿದಾಡಬೇಕಾಗಿಲ್ಲ. ಬಸ್ಸಿನ ಸಮಾನತೆ ಸ್ಟಾಪಿನವರೆಗೆ ಮಾತ್ರ. ಇಳಿದು ಒಂದು ಬಾಡಿಗೆ ಮನೆ ಕೇಳಿ ನೋಡಿ, ಬಿಟ್ಟು ಬಂದ ಜಗಲಿ ಅಲ್ಲೇ ಗೇಟಿನ ಹಿಂದೆ ಕೂತಿರುತ್ತದೆ. 'ಯಾವ ಕಡೆಯವರು? ಮಾಂಸ ತಿಂತೀರಾ?' ಹಾಗೆಂದು ಸ್ಟಾಪಿನವರೆಗಿನ ಆ ಅರ್ಧ ಗಂಟೆಯನ್ನು ತೃಣ ಮಾಡುವುದೂ ಸರಿಯಲ್ಲ. ಅರ್ಧ ಗಂಟೆ ಸಮನಾಗಿ ಕೂತು ಅಭ್ಯಾಸವಾದ ಬೆನ್ನು ಆಮೇಲೆ ಬಾಗುವಾಗ ನೋಯುತ್ತದೆ. ಆ ನೋವು ಬೇಕು.

ಬಸ್ಸಿನಲ್ಲಿ, ಮೆಟ್ರೋದಲ್ಲಿ ಬೆಂಗಳೂರು ನೋಡುವುದು ಕಷ್ಟವೇನಲ್ಲ. ಮೆಜೆಸ್ಟಿಕ್‌ನಿಂದ ಶುರು ಮಾಡಿ. ಆ ಬಸ್ ಸ್ಟ್ಯಾಂಡ್ ಇರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲದಲ್ಲಿ ಪೇಟೆಗೆ ನೀರು ಕೊಟ್ಟ ಕೆರೆ ಇವತ್ತು ಜನ ಕೊಡುತ್ತಿದೆ. ಅಲ್ಲಿಂದ ಹಸಿರು ದಾರಿಯ ಮೆಟ್ರೋದಲ್ಲಿ ದಕ್ಷಿಣಕ್ಕೆ ಹೋದರೆ ಎರಡನೇ ಸ್ಟೇಷನ್ನು ಕೆ.ಆರ್. ಮಾರ್ಕೆಟ್. ಹೂವಿನ ರಾಶಿ, ಹಮಾಲಿಗಳ ಕೂಗು ದಾಟಿ ಸ್ವಲ್ಪ ನಡೆದರೆ ಕೋಟೆಯ ಉಳಿದ ತುಂಡು, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ. ಮತ್ತೆ ರೈಲು ಹತ್ತಿದರೆ ನ್ಯಾಷನಲ್ ಕಾಲೇಜು, ಅದರ ಮುಂದೆ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಹಾಕಿಸಿದ ತೋಟ. ಅಲ್ಲಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು ಅನ್ನುತ್ತಾರೆ ಭೂವಿಜ್ಞಾನಿಗಳು. ಆ ಬಂಡೆ ಹತ್ತಿ ಕೂತು ನೋಡಬೇಕು. ಮನು ಹುಟ್ಟುವ ಮುಂಚೆ, ಜಾತಿ ಹುಟ್ಟುವ ಮುಂಚೆ, ಮನುಷ್ಯನೇ ಹುಟ್ಟುವ ಮುಂಚೆ ಇದ್ದ ಕಲ್ಲದು. ತಿರುಗಿ ಮೆಜೆಸ್ಟಿಕ್‌ಗೆ ಬಂದು ನೇರಳೆ ದಾರಿಯಲ್ಲಿ ಪೂರ್ವಕ್ಕೆ ಹೊರಟರೆ 'ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ' ಎಂಬ ಕೂಗು ಕಿವಿಗೆ ಬೀಳುತ್ತದೆ. ಎತ್ತಿನ ಗಾಡಿಯವನು ಹತ್ತಿಸದ ಹುಡುಗನ ಹೆಸರು ರೈಲಿನ ಸ್ಟೇಷನ್ನಿಗೆ. ಇದು ಸಣ್ಣ ಸಂಗತಿಯಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಒಂದು ಕಡೆ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಅದರ ಹಿಂದೆ 1870ರ ಕಬ್ಬನ್ ಪಾರ್ಕು. ಇಷ್ಟೂ ಒಂದೇ ದಿನದಲ್ಲಿ ಆಗುತ್ತದೆ.

ಇದನ್ನೇ ಸಿಟಿ ಬಸ್ಸಿನಲ್ಲಿ ಮಾಡಿದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಊರು ಹೆಚ್ಚು ಕಾಣುತ್ತದೆ. ಪೇಟೆಯ ನಡುಭಾಗದಲ್ಲಿ ಮೆಟ್ರೋ ನೆಲದ ಕೆಳಗೆ ಓಡುತ್ತದೆ. ವಿಧಾನಸೌಧದ ಹತ್ತಿರ ಹಾದುಹೋದವನಿಗೆ ಕಿಟಕಿಯಲ್ಲಿ ಕಾಣುವುದು ಕತ್ತಲು ಮತ್ತು ತನ್ನದೇ ಮುಖ. ಮಿಕ್ಕ ಕಡೆ ಅದು ಮಹಡಿಗಳ ಎತ್ತರದಲ್ಲಿ ಹೋಗುತ್ತದೆ. ಅಲ್ಲಿಂದ ಸೂರುಗಳು ಕಾಣುತ್ತವೆ, ಸೂರಿನ ಕೆಳಗಿನವರು ಕಾಣುವುದಿಲ್ಲ. ಬಸ್ಸು ರಸ್ತೆಯ ಮಟ್ಟದಲ್ಲೇ ಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಹೂ ಮಾರುವ ಹುಡುಗಿ, ಮ್ಯಾನ್‌ಹೋಲಿನ ಪಕ್ಕ ನಿಂತ ಮನುಷ್ಯ, ಮೆಟ್ರೋ ಕಂಬದ ಬುಡದಲ್ಲಿ ತಗಡಿನ ಶೆಡ್ಡು, ಅದರ ಮುಂದೆ ಒಣಹಾಕಿದ ಮಗುವಿನ ಅಂಗಿ, ಎಲ್ಲ ಕಣ್ಣಿಗೆ ಬೀಳುತ್ತವೆ.

ನೋಡುವ ಹಕ್ಕಿನ ಜೊತೆಗೆ ನೋಡುವ ರೀತಿಯೂ ಇಲ್ಲಿ ಬಂತು. ವಿಧಾನಸೌಧ ಕಟ್ಟಿದ್ದು ಯಾರು? ಗೈಡು ಕೆಂಗಲ್ ಹನುಮಂತಯ್ಯನವರ ಹೆಸರು ಹೇಳುತ್ತಾನೆ, ತಪ್ಪಲ್ಲ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಮುಗಿಯಿತು. ಆದರೆ ಆ ಕಲ್ಲನ್ನು ಸೀಳಿದ, ಹೊತ್ತ, ಕೆತ್ತಿದ ಸಾವಿರಾರು ಕೈಗಳಿಗೆ ಹೆಸರಿಲ್ಲ. ಆ ಕೈಗಳಲ್ಲಿ ಜೈಲಿನ ಕೈದಿಗಳ ಕೈಗಳೂ ಇದ್ದವು. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಹಣೆಯ ಮೇಲೆ ಬರೆದುಕೊಂಡ ಆ ಕಟ್ಟಡದಲ್ಲಿ ಕೂಲಿಯವನ ಕೆಲಸ ಯಾರ ಕೆಲಸ ಅಂತ ಬರೆದಿಲ್ಲ. 2025ರ ಜೂನಿನಲ್ಲಿ ಅದರ ಒಳಗನ್ನು ಟಿಕೆಟ್ ಕೊಟ್ಟು ನೋಡುವ ವ್ಯವಸ್ಥೆಯೂ ಬಂತು. ಕಲ್ಲು ಹೊತ್ತವನ ಮೊಮ್ಮಗಳು ಅಜ್ಜ ಹೊತ್ತ ಕಲ್ಲನ್ನು ನೋಡಲು ಟಿಕೆಟ್ ತೆಗೆದುಕೊಳ್ಳಬೇಕಾದ ಕಾಲ ಇದು. ಆಕೆ ನೋಡಲಿ. ಆಕೆ ಅಲ್ಲಿ ಬರೀ ಪ್ರವಾಸಿ ಅಲ್ಲ, ಲೆಕ್ಕ ನೋಡಲು ಬಂದ ಪಾಲುದಾರಳು. ನಮ್ಮ ಜನ ಊರು ನೋಡಬೇಕು ಅನ್ನುವುದಕ್ಕೆ ನನಗಿರುವ ಮೊದಲ ಕಾರಣವೇ ಇದು. ಬೆವರು ಸುರಿಸಿದವನಿಗೆ ತನ್ನ ಬೆವರು ಎಲ್ಲಿ ಹೋಯಿತು ಅಂತ ಗೊತ್ತಾಗಬೇಕು. ಈಜಿಪುರದಲ್ಲಿ 2013ರ ಜನವರಿಯಲ್ಲಿ ಬಡವರ ವಸತಿಯನ್ನು ಬುಲ್ಡೋಜರ್ ಹೊಡೆದು ನೆಲಸಮ ಮಾಡಿದರಲ್ಲ, ಅಂಥ ಜಾಗಗಳೂ ಈ ಊರಿನಲ್ಲಿ ನೋಡಬೇಕಾದ ಜಾಗಗಳೇ. ಊರು ತೋರಿಸುವ ಹವಾನಿಯಂತ್ರಿತ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಸಿಟಿ ಬಸ್ಸು ನಿಲ್ಲುತ್ತದೆ.

ಮೆಟ್ರೋಗೆ ತಿರುಗೋಣ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲು ಓಡಿತು. ಈಗ ಅದರ ದಾರಿ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ, ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ, 2025ರ ಆಗಸ್ಟಿನಿಂದ ಬೊಮ್ಮಸಂದ್ರಕ್ಕೂ ಹರಡಿದೆ. ಒಳ್ಳೆಯದೇ. ಅದು ಸರ್ಕಾರದ ದುಡ್ಡು, ಅಂದರೆ ನಮ್ಮ ದುಡ್ಡು. ಆದರೆ ಆ ಥಳಥಳಿಸುವ ನೆಲದ ಮೇಲೆ ಹಳೇ ಪ್ರಶ್ನೆ ಹೊಸ ಬಟ್ಟೆ ಹಾಕಿಕೊಂಡು ನಿಂತಿದೆ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಸ್ಟೇಷನ್ನಿನಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತನೊಬ್ಬನನ್ನು ಬಟ್ಟೆ ಕೊಳಕು ಅಂತ ಕಾವಲಿನವರು ತಡೆದರು. ಅವನ ಹತ್ತಿರ ಟಿಕೆಟ್ ಇತ್ತು! ಜೊತೆಯ ಪ್ರಯಾಣಿಕರು ಜಗಳಕ್ಕೆ ನಿಂತು ಅವನನ್ನು ಒಳಗೆ ಕರೆದುಕೊಂಡು ಹೋದರು. ಅದರ ಚಿತ್ರ ಊರೆಲ್ಲ ಹರಿದಾಡಿದ ಮೇಲೆ ಮೆಟ್ರೋ ನಿಗಮ ಆ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. 1901ರಲ್ಲಿ ಹೊಸ ಬಟ್ಟೆ ಇತ್ತು, ಜಾತಿ ಹೇಳಿದ ಮೇಲೆ ಬಟ್ಟೆ ಲೆಕ್ಕಕ್ಕೆ ಬರಲಿಲ್ಲ. 2024ರಲ್ಲಿ ಜಾತಿ ಯಾರೂ ಕೇಳಲಿಲ್ಲ, ಬಟ್ಟೆಯೇ ಸಾಕಾಯಿತು. ಈ ಎರಡೂ ಒಂದೇ ಅಲ್ಲ, ನಿಜ. ಆದರೆ ಟಿಕೆಟ್ಟಿಗಿಂತ ಮುಂಚೆ ಮನುಷ್ಯನನ್ನು ಅಳೆಯುವ ಕಣ್ಣು ಎರಡರಲ್ಲೂ ಒಂದೇ.

ಒಬ್ಬ ಕಾವಲಿನವನನ್ನು ತೆಗೆದುಹಾಕಿದರೆ ಈ ಕಣ್ಣು ಹೋಗುವುದಿಲ್ಲ. ಅವನೂ ಗುತ್ತಿಗೆಯ ಸಂಬಳದವನು. ಥಳಥಳಿಸುವ ಜಾಗಕ್ಕೆ ಥಳಥಳಿಸುವ ಜನ ಬರಬೇಕು ಎಂಬ ಭಾವನೆಯನ್ನು ಅವನು ಹುಟ್ಟಿಸಲಿಲ್ಲ, ಪಾಲಿಸಿದ ಅಷ್ಟೆ. ಹುಟ್ಟಿಸಿದವರು ಮೇಲೆಲ್ಲೋ ಕೂತಿದ್ದಾರೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತಿ ಹೆಚ್ಚಿನ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಟಿಕೆಟ್ಟಿಗೆ ಹೊತ್ತಿನ ಗಡಿಯೂ ಇದೆ, ಅದನ್ನು ಮೀರಿ ಒಳಗೇ ಉಳಿದರೆ ದಂಡ. ಕೆಲಸಕ್ಕೆ ಹೋಗುವವನಿಗೆ ಇದು ತಾಗುವುದಿಲ್ಲ, ಅವನು ಓಡುತ್ತಲೇ ಇರುತ್ತಾನೆ. ಜೀವಮಾನದಲ್ಲಿ ಮೊದಲ ಸಲ ಚಲಿಸುವ ಮೆಟ್ಟಿಲು ಕಂಡು, ಕಾಲಿಡಲೋ ಬೇಡವೋ ಅಂತ ಸೆರಗು ಹಿಡಿದು ನಿಂತ ಅಜ್ಜಿಗೆ ತಾಗುತ್ತದೆ. ಅವಳ ಹಿಂದಿನಿಂದ 'ಬೇಗ ಹೋಗಮ್ಮ' ಅನ್ನುವ ಬದಲು 'ಬಾರವ್ವ, ಕೈ ಹಿಡ್ಕೊ' ಅನ್ನುವ ಒಬ್ಬರು ಸಿಕ್ಕಿದರೆ ಆವತ್ತಿನ ಮಟ್ಟಿಗೆ ಊರು ಅವಳದಾಗುತ್ತದೆ.

ಇನ್ನು ಶಕ್ತಿ ಯೋಜನೆಯ ಮಾತು. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ಮೆಟ್ರೋಗೆ ಇಲ್ಲ, ಎ.ಸಿ. ಬಸ್ಸಿಗೆ ಇಲ್ಲ. 2025ರ ಜುಲೈ ಹೊತ್ತಿಗೆ ಇಂಥ 500 ಕೋಟಿ ಟಿಕೆಟ್ ಹರಿದಿದ್ದವು. ಆಗ ಎದ್ದ ಗೇಲಿ ನೆನಪಿದೆಯಲ್ಲ? ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಹೆಂಗಸರ ಬಗ್ಗೆ ಅಷ್ಟು ತಕರಾರಿರಲಿಲ್ಲ. 'ಬಿಟ್ಟಿ ಬಸ್ಸು ಅಂತ ಊರೂರು ಸುತ್ತುತಾವೆ, ಗಂಡ ಮನೇಲಿ ಗಂಜಿ ಕಾಯಿಸ್ಕೊತಾವ್ನೆ' ಅನ್ನುವುದು ತಕರಾರು. ಧರ್ಮಸ್ಥಳಕ್ಕೆ ಹೋದರು, ಚಾಮುಂಡಿ ಬೆಟ್ಟಕ್ಕೆ ಹೋದರು, ಬೆಂಗಳೂರು ನೋಡಲು ಬಂದರು ಎಂಬುದೇ ಅಪರಾಧ. ಕೆಲಸಕ್ಕಾದರೆ ಹೋಗು, ಸುಮ್ಮನೆ ಹೋಗಬೇಡ. ಜಗಲಿಯಿಂದ ಬಂದ ಮಾತೂ ಇದೇ ಆಗಿತ್ತು ಅಲ್ಲವೇ? ಅಂದು ಕೇರಿಯ ಗಂಡಸಿಗೆ ಹೇಳಿದ್ದನ್ನು ಇಂದು ಎಲ್ಲ ಜಾತಿಯ ಬಡ ಹೆಂಗಸರಿಗೆ ಹೇಳುತ್ತಿದ್ದಾರೆ. ಹೇಳುವವರಲ್ಲಿ ನಮ್ಮ ಕೇರಿಯ ಗಂಡಸರೂ ಸೇರಿಕೊಂಡಿದ್ದಾರೆ ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

'ಜನರ ತೆರಿಗೆ ದುಡ್ಡಲ್ಲಿ ಮೋಜು ಯಾಕ್ರಿ?' ಅನ್ನುವವರಿಗೆ ಉತ್ತರ ಕೊಡಬೇಕು. ಸರ್ಕಾರಿ ನೌಕರನಿಗೆ ಎಲ್.ಟಿ.ಸಿ. ಎಂಬ ಸೌಲಭ್ಯವಿದೆ. ಹೆಂಡತಿ ಮಕ್ಕಳ ಸಮೇತ ದೇಶ ನೋಡಿ ಬಂದರೆ ಪ್ರಯಾಣದ ಖರ್ಚನ್ನು ಸರ್ಕಾರ ಕೊಡುತ್ತದೆ. ಅದು ಯಾವ ತೆರಿಗೆ ದುಡ್ಡು? ದುಡಿಯುವವನಿಗೆ ಬಿಡುವು ಬೇಕು, ದೇಶ ನೋಡಬೇಕು ಎಂಬ ಒಳ್ಳೆಯ ತತ್ವದ ಮೇಲೇ ಅದು ನಿಂತಿದೆ. ನಾವು ಅದನ್ನು ವಿರೋಧಿಸುವುದಿಲ್ಲ. ಅದೇ ತತ್ವ ಕಳೆ ಕೀಳುವವಳಿಗೆ ಯಾಕೆ ಅನ್ವಯಿಸುವುದಿಲ್ಲ ಅಂತ ಮಾತ್ರ ಕೇಳುತ್ತೇವೆ. ಕಾರಿನವನು ಓಡಾಡುವ ಮೇಲ್ಸೇತುವೆ, ಅವನು ದಿನವಿಡೀ ಕಾರು ನಿಲ್ಲಿಸುವ ರಸ್ತೆಯ ಅಂಚು, ಇವೂ ಜನರ ದುಡ್ಡೇ. ಅವನು ಎಂ.ಜಿ. ರಸ್ತೆಗೆ ಐಸ್‌ಕ್ರೀಮ್ ತಿನ್ನಲು ಹೋಗುತ್ತಾನೋ ಕೆಲಸಕ್ಕೆ ಹೋಗುತ್ತಾನೋ ಅಂತ ಮೇಲ್ಸೇತುವೆಯ ಬುಡದಲ್ಲಿ ಯಾರೂ ನಿಂತು ಕೇಳುವುದಿಲ್ಲ.

ಶೂನ್ಯ ಟಿಕೆಟ್ಟಿನಲ್ಲಿ ತೊಂದರೆಗಳಿಲ್ಲವೇ? ಇವೆ. ಬಸ್ಸು ಹೆಚ್ಚದೆ ಜನ ಹೆಚ್ಚಿದರೆ ನುಗ್ಗಾಟ. ನುಗ್ಗಾಟದ ಬೇಸರವೆಲ್ಲ ಕಂಡಕ್ಟರು ಡ್ರೈವರುಗಳ ತಲೆಗೆ. ದುಡ್ಡು ಕೊಟ್ಟು ನಿಂತ ಕೂಲಿ ಗಂಡಸಿಗೂ ನೋವಿದೆ. 2025ರ ಜನವರಿಯಲ್ಲಿ ಬಸ್ಸಿನ ದರ ಶೇಕಡಾ 15 ಏರಿದಾಗ ಅದು ಬಿದ್ದದ್ದು ಅವನ ಮೇಲೆ. ಹೆಣ್ಣು ಗಂಡು ಜಗಳವಾಡಿಕೊಂಡು ಕೂತರೆ ಬಸ್ಸು ಕಡಿಮೆ ಕೊಟ್ಟವನು ತಪ್ಪಿಸಿಕೊಳ್ಳುತ್ತಾನೆ. ಕೇಳಬೇಕಾದ್ದು ಇನ್ನಷ್ಟು ಬಸ್ಸು. ಇನ್ನೊಂದು ಎಚ್ಚರವೂ ಬೇಕು. ಸರ್ಕಾರ ಕೊಟ್ಟದ್ದನ್ನು ಸರ್ಕಾರ ಕಿತ್ತುಕೊಳ್ಳಬಹುದು. ದಯೆಯಾಗಿ ಬಂದದ್ದು ದಯೆಯಾಗಿಯೇ ಹೋಗುತ್ತದೆ. ಹಕ್ಕು ಅಂತ ಜನ ನಂಬಿದ್ದನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ನಮ್ಮ ಸಂಗಾತಿಗಳೇ ಕೆಲವರು ಕೇಳಬಹುದು: 'ಭೂಮಿ ಇಲ್ಲ, ಕೂಲಿ ಇಲ್ಲ, ಮಲದ ಗುಂಡಿಯಲ್ಲಿ ಇನ್ನೂ ಸಾಯ್ತಾ ಇದಾರೆ. ನಿಂದೇನಯ್ಯ ಲಾಲ್‌ಬಾಗು?' ಹಸಿವಿನ ಮುಂದೆ ಯಾವ ಮಾತೂ ದೊಡ್ಡದಲ್ಲ ಎಂಬುದರಲ್ಲಿ ಸತ್ಯ ಇದೆ. ಆದರೆ 1927ರಲ್ಲಿ ಮಹಾಡದ ಚೌಡಾರ ಕೆರೆಗೆ ಜನ ನಡೆದದ್ದು ಬಾಯಾರಿಕೆಗೆ ಮಾತ್ರವಲ್ಲ. ಆ ಕೆರೆಯ ನೀರಿಲ್ಲದೆಯೂ ಅಲ್ಲಿವರೆಗೆ ಬದುಕಿದ್ದರು. ತಾವೂ ಎಲ್ಲರಂತೆ ಮನುಷ್ಯರು ಎಂಬುದನ್ನು ನಾಟಿಸಲು ಹೋಗುತ್ತಿದ್ದೇವೆ ಅಂತ ಬಾಬಾಸಾಹೇಬರೇ ಬಿಡಿಸಿ ಹೇಳಿದರು. ಬಡವನಿಗೆ ಅನ್ನ ಮಾತ್ರ ಸಾಕು, ಚಂದ ಬೇಡ, ಬಿಡುವು ಬೇಡ ಎಂಬ ಮಾತನ್ನು ಶತಮಾನಗಳಿಂದ ಹೇಳಿಕೊಂಡು ಬಂದವನು ಜಮೀನ್ದಾರ. ನಾವೂ ಅದನ್ನೇ ಕ್ರಾಂತಿಯ ಭಾಷೆಯಲ್ಲಿ ಹೇಳಬಾರದು. ಹೊಟ್ಟೆಗೆ ಹಸಿವಿರುವ ಹಾಗೆ ಕಣ್ಣಿಗೂ ಹಸಿವಿದೆ. ಮೇಲಾಗಿ, ತನ್ನ ಊರಿನ ಗೌಡನ ಮನೆಗಿಂತ ದೊಡ್ಡ ಮನೆಗಳಿವೆ, ಆ ಮನೆಗಳ ಮುಂದೆ ತಾನು ತಲೆಯೆತ್ತಿ ನಡೆದರೂ ಆಕಾಶ ಬೀಳುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡು ಬಂದವಳು ಮರುದಿನ ಗೌಡನ ಗದ್ದೆಯಲ್ಲಿ ಕೂಲಿ ಕೇಳುವಾಗ ಅವಳ ದನಿ ಬೇರೆಯಾಗಿರುತ್ತದೆ. ಅವಳು ಹೋಗಬಾರದು ಅನ್ನುವವರಿಗೂ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಕೇರಿಯ ಬಾಯಿಗೆ ಬಸ್ಸು ಬರಬೇಕು, ಸಂಜೆ ಏಳಕ್ಕೆ ಕೊನೆಯಾಗಬಾರದು. ಸಾಮಾನ್ಯ ಬಸ್ಸನ್ನು ಕಡಿಮೆ ಮಾಡಿ ಎ.ಸಿ. ಬಸ್ಸು ಹೆಚ್ಚಿಸುವ ಹುನ್ನಾರ ನಡೆಯಬಾರದು. ಮೆಟ್ರೋದ ದರ ಕೂಲಿಯವನ ಒಂದು ಊಟವನ್ನು ನುಂಗಬಾರದು. ಟಿಕೆಟ್ ಹಿಡಿದವನ ಬಟ್ಟೆ, ಗಂಟು, ಚಪ್ಪಲಿ ನೋಡುವ ಅಧಿಕಾರ ಯಾರಿಗೂ ಇರಬಾರದು. ಬೋರ್ಡುಗಳು ಓದಲು ಬಾರದವರಿಗೂ ತಿಳಿಯುವಂತಿರಬೇಕು. ಪಾರ್ಕಿನ ಬೆಂಚಿನ ಮೇಲೆ ಕೂತವನನ್ನು ಲಾಠಿಯಿಂದ ತಟ್ಟಿ ಎಬ್ಬಿಸಬಾರದು.

ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಈ ಭಾನುವಾರವೇ ಅವ್ವನನ್ನು, ಅಕ್ಕನನ್ನು, ಪಕ್ಕದ ಮನೆಯ ಅಜ್ಜಿಯನ್ನು ಬಸ್ಸು ಹತ್ತಿಸಿ. ಬುತ್ತಿ ಕಟ್ಟಿಕೊಳ್ಳಲಿ. ಕಿಟಕಿ ಪಕ್ಕದ ಸೀಟಿನಲ್ಲಿ ಕೂರಲಿ. ಅಂಬೇಡ್ಕರ್ ಹೆಸರಿನ ಸ್ಟೇಷನ್ನಿನ ಮೇಲೆ ನಿಂತು ವಿಧಾನಸೌಧವನ್ನು ಬೇಕಾದಷ್ಟು ಹೊತ್ತು ನೋಡಲಿ, ಲಾಲ್‌ಬಾಗಿನ ಬಂಡೆಯ ಮೇಲೆ ಬುತ್ತಿ ಬಿಚ್ಚಲಿ. ಯಾರಾದರೂ ಬಂದು 'ಏನ್ ಕೆಲ್ಸಕ್ಕೆ ಬಂದ್ರಿ?' ಅಂತ ಕೇಳಿದರೆ ಎದ್ದು ನಿಲ್ಲಬೇಕಾಗಿಲ್ಲ. ಕೂತಲ್ಲಿಂದಲೇ ಹೇಳಲಿ: 'ಏನೂ ಕೆಲ್ಸ ಇಲ್ಲ ಕಣಪ್ಪ. ಸುಮ್ನೆ ಬಂದೋ.'